ಮಲಿಕ್-ಎ-ಮೈದಾನ್ ಎಷ್ಟು ಹಿಂದೆ ಸರಿಯುತ್ತಿತ್ತು?

ವಿಜಯಪುರ ಎಂದೊಡನೆ ಎಲ್ಲರ ಕಣ್ಣ ಮುಂದೆ ನಿಲ್ಲುವುದು ಗೋಳಗುಮ್ಮಟ. ಶಾಲಾ ಪ್ರವಾಸದ ಬಸ್ಸುಗಳು ಮೊದಲು ಹೋಗುವುದೂ ಅಲ್ಲಿಗೇ. ಮಕ್ಕಳು ಪಿಸುಗುಟ್ಟುವ ಗ್ಯಾಲರಿಯಲ್ಲಿ ಕಿರುಚಿ, ಚಪ್ಪಾಳೆ ತಟ್ಟಿ, ಪ್ರತಿಧ್ವನಿಗಳನ್ನು ಎಣಿಸಿ ಕೆಳಗಿಳಿಯುವ ಹೊತ್ತಿಗೆ ಅರ್ಧ ದಿನ ಮುಗಿದಿರುತ್ತದೆ. ಆಮೇಲೆ ಊಟ, ಇಬ್ರಾಹಿಂ ರೋಜಾ, ಮತ್ತೆ ಬಸ್ಸು ಹತ್ತಿ ಆಲಮಟ್ಟಿಗೋ ಬಾದಾಮಿಗೋ ಪ್ರಯಾಣ. ನಡುವೆ ಹತ್ತು ನಿಮಿಷ ಮಿಕ್ಕರೆ ಮಲಿಕ್-ಎ-ಮೈದಾನ್ ತೋಪು. ಆದರೆ ಅದು ಹತ್ತು ನಿಮಿಷದಲ್ಲಿ ನೋಡಿ ಮುಗಿಸುವ ವಸ್ತುವಲ್ಲ.

ಆದಿಲ್ ಶಾಹಿ ಅರಸರು ಊರಿನ ಸುತ್ತ ಕಟ್ಟಿಸಿದ ಕೋಟೆಗೋಡೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ಅದರ ಪಶ್ಚಿಮ ಭಾಗದಲ್ಲಿ ಸಿಂಹದ ಬುರುಜು ಎಂದರೆ ಷೇರ್ಜಾ ಬುರುಜು ಇದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಕಂಚಿನ ಆ ಭಾರಿ ಗಾತ್ರ ಕಾಣುತ್ತದೆ. ಉದ್ದ ನಾಲ್ಕು ಮೀಟರಿಗೂ ಹೆಚ್ಚು, ಅಡ್ಡಳತೆ ಒಂದೂವರೆ ಮೀಟರ್, ತೂಕ ಸುಮಾರು 55 ಟನ್. ಬಾಯಿಯ ಅಗಲ ಎಪ್ಪತ್ತು ಸೆಂಟಿಮೀಟರ್. ಒಬ್ಬ ಹುಡುಗ ಒಳಗೆ ಕುಳಿತುಕೊಳ್ಳಬಹುದು. ಬಾಯಿಯನ್ನು ಸಿಂಹದ ಮುಖದಂತೆ ಎರಕ ಹೊಯ್ದಿದ್ದಾರೆ. ತೆರೆದ ದವಡೆಯ ನಡುವೆ ಆನೆಯೊಂದು ಸಿಕ್ಕಿಕೊಂಡಿದೆ. ಯುದ್ಧರಂಗದ ಒಡೆಯ ಎಂಬುದು ಹೆಸರಿನ ಅರ್ಥ.

ಇದು ವಿಜಯಪುರದಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದ್‌ನಗರದ ನಿಜಾಮ್ ಶಾಹಿ ಅರಸರಿಗಾಗಿ ತುರ್ಕಿ ಮೂಲದ ರೂಮಿ ಎಂಬ ಕುಶಲಿ ಇದನ್ನು ಎರಕ ಹೊಯ್ದ. ಮುಂದೆ ಪರಾಂಡಾ ಕೋಟೆ ಸೇರಿದ್ದ ತೋಪು 1632ರಲ್ಲಿ ವಿಜಯಪುರಕ್ಕೆ ಬಂತು. ಹತ್ತು ಆನೆ, ನಾನೂರು ಎತ್ತು, ನೂರಾರು ಆಳುಗಳು ಸೇರಿ ಎಳೆದು ತಂದರೆಂದು ಹೇಳುತ್ತಾರೆ. 1686ರಲ್ಲಿ ಊರನ್ನು ಗೆದ್ದ ಔರಂಗಜೇಬನೂ ಇದರ ಮೈಮೇಲೆ ತನ್ನ ಗೆಲುವನ್ನು ಕೆತ್ತಿಸಿದ. ಇಷ್ಟೆಲ್ಲ ಮೆರೆದ ತೋಪು 1854ರಲ್ಲಿ ಹರಾಜಿಗೆ ಬಂದು, ನೂರೈವತ್ತು ರೂಪಾಯಿಗೆ ಕೂಗಲ್ಪಟ್ಟು, ಯಾರೋ ಪುಣ್ಯಾತ್ಮರು ಮಾರಾಟ ರದ್ದು ಮಾಡಿದ್ದರಿಂದ ಉಳಿಯಿತು. ಇಲ್ಲದಿದ್ದರೆ ಬುರುಜಿನ ಮೇಲೆ ಇಂದು ಬರೀ ಗಾಳಿ ಇರುತ್ತಿತ್ತು.

ಕಳೆದ ಡಿಸೆಂಬರಿನ ಒಂದು ಮಧ್ಯಾಹ್ನ ದಾವಣಗೆರೆಯಿಂದ ಬಂದ ಕುಟುಂಬವೊಂದು ಆ ಬುರುಜಿನ ಮೇಲಿತ್ತು. ತಂದೆ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತಿಯ ಅಂಚಿನಲ್ಲಿದ್ದವರು. ಮಗಳು ಒಂಬತ್ತನೆಯ ತರಗತಿ. ತಾಯಿ ನೆರಳು ಹುಡುಕಿ ಗೋಡೆಯ ಬದಿಗೆ ಕುಳಿತಿದ್ದರು. ಟಾಂಗಾದಲ್ಲಿ ಇವರನ್ನು ಕರೆತಂದಿದ್ದ ಮುದುಕ ತನ್ನ ಪಾಡಿಗೆ ಗೈಡಿನ ಕೆಲಸವನ್ನೂ ಮಾಡುತ್ತಿದ್ದ.

“ಮುಟ್ಟಿ ನೋಡ್ರಿ ಸಾಹೇಬ್ರ, ಎಂಥಾ ಬಿಸಿಲಿದ್ರೂ ತಣ್ಣಗ ಇರತೈತಿ,” ಎಂದ ಅವನು. ಬೆರಳಿನಿಂದ ತಟ್ಟಿದಾಗ ಗಂಟೆಯಂತಹ ನಾದ ಬಂತು. ಎರಡಕ್ಕೂ ಕಾರಣವಿದೆ. ತಾಮ್ರಕ್ಕೆ ಐದನೆಯ ಒಂದು ಭಾಗದಷ್ಟು ತವರ ಬೆರೆಸಿದ ಈ ಮಿಶ್ರಲೋಹ ಗಂಟೆ ಮಾಡುವ ಲೋಹವೇ. ಇನ್ನು ತಂಪಿನ ಮಾತು: 55 ಟನ್ ಲೋಹ ಬಿಸಿಯೇರಲು ಬೆಳಗಿನಿಂದ ಸಂಜೆಯವರೆಗಿನ ಬಿಸಿಲೂ ಸಾಲದು, ಕೈಯ ಶಾಖವನ್ನೋ ಕಂಚು ಬೇಗ ಎಳೆದುಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಮಾತ್ರ ಮುದುಕನ ಮಾತನ್ನು ನಂಬಿ ಅಂಗೈ ಊರದಿರುವುದು ಒಳ್ಳೆಯದು.

“ಬತ್ತಿ ಹಚ್ಚಿದವ ಓಡಿಹೋಗಿ ನೀರಿನ ತೊಟ್ಟಿಯೊಳಗ ಮುಳಗತಿದ್ದ ತಂಗಿ. ಇಲ್ಲಂದ್ರ ಕಿವಿ ಹೋಗತಿದ್ದು,” ಎಂದು ಅವನು ಪಕ್ಕದ ತೊಟ್ಟಿಯನ್ನು ತೋರಿಸಿದ.

ಹುಡುಗಿ ತೊಟ್ಟಿಯತ್ತ ನೋಡಲಿಲ್ಲ. ತೋಪಿನ ಹಿಂಬದಿಗೆ ಹೋಗಿ ನಿಂತಳು. “ಅಜ್ಜಾರೆ, ಗುಂಡು ಹಾರಿದಾಗ ಇದು ಎಷ್ಟು ಹಿಂದೆ ಬರ್ತಿತ್ತು?”

ಮುದುಕನಿಗೆ ಆ ಪ್ರಶ್ನೆ ಹೊಸದು. “ಒದೀತಿತ್ತವ್ವಾ, ಗೋಡಿ ಅದಕ್ಕ ಕಟ್ಟ್ಯಾರ,” ಎಂದಷ್ಟೇ ಹೇಳಿ ಬೀಡಿ ಹಚ್ಚಿದ.

ತಂದೆ ನಕ್ಕರು, ಆ ನಗುವಿನಲ್ಲಿ ಸ್ವಲ್ಪ ಕಹಿಯಿತ್ತು. ಅದಕ್ಕೆ ಹಿನ್ನೆಲೆಯೂ ಇತ್ತು. ಅಕ್ಟೋಬರಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗಳಿಗೆ ಒಂದು ಪ್ರಶ್ನೆ ಬಂದಿತ್ತು: ಬಂದೂಕಿನಿಂದ ಗುಂಡು ಹಾರಿದಾಗ ಎರಡಕ್ಕೂ ದೊರೆಯುವ ಚಲನಶಕ್ತಿ ಸಮವೇ? ಆಕೆ ‘ಸಮ’ ಎಂದು ಬರೆದು, ಕಾರಣವಾಗಿ ನ್ಯೂಟನ್ನನ ಮೂರನೆಯ ನಿಯಮವನ್ನು ಕೊಟ್ಟಿದ್ದಳು. ಪ್ರತಿ ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ. ಆದ್ದರಿಂದ ಶಕ್ತಿಯೂ ಸಮ. ಎರಡು ಅಂಕ ಹೋಯಿತು. ನಿಯಮ ಸರಿಯಾಗಿ ಬರೆದಿರುವಾಗ ಅಂಕ ಕಳೆದದ್ದು ಅನ್ಯಾಯವೆಂದು ತಂದೆಗೆ ಅನಿಸಿ, ಶಾಲೆಗೆ ಹೋಗಿ ವಾದಿಸಿ ಬಂದಿದ್ದರು. ವಾದದಲ್ಲಿ ಗೆದ್ದವರು ಯಾರೂ ಇರಲಿಲ್ಲ. ಮಗಳಿಗೆ ಮಾತ್ರ ಅಂದಿನಿಂದ ಆ ಮೇಷ್ಟರ ತರಗತಿಯಲ್ಲಿ ಕೈ ಎತ್ತಲು ಸಂಕೋಚ.

ತಂದೆ ಜೇಬಿನಿಂದ ಡೈರಿ ತೆಗೆದರು. ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇದ್ದರೂ ಲೆಕ್ಕವನ್ನು ಕೈಯಲ್ಲೇ ಮಾಡುವ ಅಭ್ಯಾಸ ಅವರದು. “ಬಾ, ಇಲ್ಲೇ ನೋಡೇಬಿಡೋಣ,” ಎಂದರು.

ಮೊದಲು ಗುಂಡಿನ ತೂಕ. ಎಪ್ಪತ್ತು ಸೆಂಟಿಮೀಟರಿನ ಬಾಯಿಗೆ ಅರವತ್ತೈದು ಸೆಂಟಿಮೀಟರ್ ವ್ಯಾಸದ ಕಲ್ಲುಗುಂಡು ಎಂದಿಟ್ಟುಕೊಂಡರೆ ಅದರ ಗಾತ್ರ ಒಂದು ಘನ ಮೀಟರಿನ ಏಳನೆಯ ಒಂದು ಭಾಗದಷ್ಟು. ಈ ಸೀಮೆಯ ಕಪ್ಪು ಕಲ್ಲು ನೀರಿಗಿಂತ ಮೂರು ಪಟ್ಟಿಗೆ ತುಸು ಕಡಿಮೆ ಸಾಂದ್ರ. ಹಾಗಾಗಿ ತೂಕ ಸುಮಾರು 400 ಕಿಲೋಗ್ರಾಂ. ಅದು ತೋಪಿನ ಬಾಯಿಂದ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ.

ಬತ್ತಿ ಹಚ್ಚುವ ಮೊದಲು ತೋಪೂ ಗುಂಡೂ ನಿಶ್ಚಲ. ಒಟ್ಟು ಸಂವೇಗ ಸೊನ್ನೆ. ಹೊರಗಿನಿಂದ ಯಾರೂ ತಳ್ಳದಿರುವಾಗ ಸಿಡಿದ ನಂತರವೂ ಆ ಮೊತ್ತ ಸೊನ್ನೆಯಾಗಿಯೇ ಇರಬೇಕು. ಗುಂಡಿನ ಸಂವೇಗ ಎಂದರೆ 400 ಗುಣಿಸು 200, ಅಂದರೆ 80,000 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡಿಗೆ, ಮುಂದಕ್ಕೆ. ತೋಪಿನದೂ ಅಷ್ಟೇ, ಹಿಂದಕ್ಕೆ. ತೋಪಿನ ರಾಶಿ 55,000 ಕಿಲೋಗ್ರಾಂ. ಭಾಗಿಸಿದರೆ ಅದರ ವೇಗ ಸೆಕೆಂಡಿಗೆ 1.45 ಮೀಟರ್. ಗಂಟೆಗೆ ಐದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು.

“ಇಷ್ಟೇನಾ? ನಾವು ವಾಕಿಂಗ್ ಹೋಗೋ ವೇಗ!” ಎಂದರು ತಂದೆ.

ಸಿಡಿಮದ್ದಿನ ಹೊಗೆಯೂ ಅನಿಲವೂ ಬಾಯಿಂದ ಮುಂದಕ್ಕೆ ನುಗ್ಗುವುದರಿಂದ ಅವುಗಳ ಪಾಲಿನ ಸಂವೇಗವನ್ನೂ ಸೇರಿಸಿಕೊಂಡು ತೋಪು ಇನ್ನೂ ಸ್ವಲ್ಪ ಜೋರಾಗಿಯೇ ಹಿಂದೆ ಬರುತ್ತದೆ. ಅದನ್ನು ಸದ್ಯಕ್ಕೆ ಬದಿಗಿಡಬಹುದು. ನಡಿಗೆಯ ವೇಗ ಎಂದು ಹಗುರವಾಗಿ ಕಾಣುವುದೂ ಬೇಡ. ನಡಿಗೆಯ ವೇಗದಲ್ಲಿ ಬರುತ್ತಿರುವುದು ಹತ್ತು ಆನೆಗಳಿಗಿಂತ ಭಾರವಾದ ಕಂಚು. ಹಿಂದೆ ನಿಂತ ಗೋಲಂದಾಜನ ಗತಿ ಏನೆಂದು ಹೇಳಬೇಕಾಗಿಲ್ಲ. ತೊಟ್ಟಿಗೆ ಹಾರುವುದಕ್ಕೆ ಕಿವಿ ಒಂದೇ ಕಾರಣವಾಗಿರಲಿಕ್ಕಿಲ್ಲ ಎನಿಸುತ್ತದೆ.

ಇನ್ನು ಶಕ್ತಿ. ಚಲನಶಕ್ತಿ ಎಂದರೆ ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಗುಂಡಿಗೆ 200 ಗುಣಿಸು 40,000, ಎಂದರೆ 80 ಲಕ್ಷ ಜೂಲ್. ತೋಪಿಗೆ 27,500 ಗುಣಿಸು 1.45ರ ವರ್ಗ, ಎಂದರೆ ಹತ್ತಿರ ಹತ್ತಿರ 58,000 ಜೂಲ್. ತಂದೆ ಎರಡು ಸಲ ಪರೀಕ್ಷಿಸಿದರು. ನಂತರ ತಮಗೆ ಒಗ್ಗಿದ ಭಾಷೆಯಲ್ಲಿ ಬರೆದುಕೊಂಡರು: ಮದ್ದಿನಿಂದ ಇವೆರಡಕ್ಕೂ ಸೇರಿ ಬಂದ ಶಕ್ತಿ ನೂರು ರೂಪಾಯಿ ಎಂದರೆ, ಗುಂಡಿಗೆ 99 ರೂಪಾಯಿ 28 ಪೈಸೆ, ತೋಪಿಗೆ 72 ಪೈಸೆ.

ಡೈರಿ ಸುಳ್ಳು ಹೇಳುವುದಿಲ್ಲ. ಆದರೆ ಹಾಗೇಕೆ ಎಂಬುದು ಡೈರಿಯಿಂದ ತಿಳಿಯುವುದಿಲ್ಲ. ತರಗತಿಗಳಲ್ಲಿ ಸೂತ್ರ ಹಾಕಿ ಉತ್ತರ ತೆಗೆದು ಗೆರೆ ಎಳೆದುಬಿಡುವುದರಿಂದಲೇ ವರ್ಷವರ್ಷವೂ ಇದೇ ತಪ್ಪು ಮರುಕಳಿಸುತ್ತದೆ. ಮಕ್ಕಳ ಅನುಮಾನ ನ್ಯಾಯವಾದದ್ದು: ಬಲ ಸಮ, ಬಲ ಬಿದ್ದ ಕಾಲವೂ ಸಮ, ಹಾಗಿದ್ದ ಮೇಲೆ ಶಕ್ತಿಯೇಕೆ ಸಮವಲ್ಲ?

ಉತ್ತರ ತೋಪಿನ ನಳಿಗೆಯೊಳಗೇ ಇದೆ. ಮದ್ದು ಹೊತ್ತಿ ಅನಿಲ ಹಿಗ್ಗುವಾಗ ಅದು ಗುಂಡನ್ನು ಮುಂದಕ್ಕೂ ತೋಪಿನ ಬುಡವನ್ನು ಹಿಂದಕ್ಕೂ ಒಂದೇ ಬಲದಿಂದ ಒತ್ತುತ್ತದೆ. ಗುಂಡು ನಳಿಗೆಯಲ್ಲಿ ಎರಡೂವರೆ ಮೀಟರ್ ಓಡಿ ಬಾಯಿ ದಾಟಿತೆನ್ನಿ. ಬಲ ಒಂದೇ ಸಮನಾಗಿತ್ತೆಂದು ಭಾವಿಸಿದರೆ ಇದಕ್ಕೆ ಹಿಡಿಯುವ ಕಾಲ ಸೆಕೆಂಡಿನ ನಲವತ್ತನೆಯ ಒಂದು ಭಾಗ. ಆ ಕಾಲದಲ್ಲಿ ತೋಪು ಎಷ್ಟು ಸರಿದಿರುತ್ತದೆ? ಗುಂಡಿಗಿಂತ ಅದು 137.5 ಪಟ್ಟು ಭಾರ. ಹಾಗಾಗಿ ಸರಿದದ್ದೂ 137.5 ಪಟ್ಟು ಕಡಿಮೆ. ಎರಡು ಸೆಂಟಿಮೀಟರಿಗೂ ಕಡಿಮೆ, ಒಂದು ಹೆಬ್ಬೆರಳಿನ ಅಗಲ. ಶಕ್ತಿಯ ಲೆಕ್ಕದಲ್ಲಿ ಬರುವುದು ಬಲ ಎಷ್ಟು ಹೊತ್ತು ಒತ್ತಿತು ಎಂಬುದಲ್ಲ, ಒತ್ತುತ್ತಾ ಎಷ್ಟು ದೂರ ಸಾಗಿತು ಎಂಬುದು. ಒಬ್ಬ ಕೂಲಿಯಾಳು ಚೀಲವನ್ನು ಗೋದಾಮಿನ ಈ ತುದಿಯಿಂದ ಆ ತುದಿಗೆ ನೂಕಿದ, ಇನ್ನೊಬ್ಬ ಅಷ್ಟೇ ಹೊತ್ತು, ಅಷ್ಟೇ ಜೋರಾಗಿ ಗೋಡೆಗೆ ಕೈಕೊಟ್ಟು ನಿಂತ. ಇಬ್ಬರೂ ಬೆವರಿರಬಹುದು, ಭೌತಶಾಸ್ತ್ರದ ಕೂಲಿ ಮೊದಲನೆಯವನಿಗೆ.

ಬಲವನ್ನು ಕಾಲದಿಂದ ಗುಣಿಸಿದರೆ ಸಂವೇಗ. ಕಾಲ ಇಬ್ಬರಿಗೂ ಒಂದೇ, ಆದ್ದರಿಂದ ಸಂವೇಗದ ಪಾಲು ಸಮ. ಬಲವನ್ನು ದೂರದಿಂದ ಗುಣಿಸಿದರೆ ಶಕ್ತಿ. ದೂರ ಒಂದೇ ಅಲ್ಲ, ಆದ್ದರಿಂದ ಶಕ್ತಿಯ ಪಾಲು ಸಮವಲ್ಲ. ಹಗುರವಾದದ್ದಕ್ಕೆ ಹೆಚ್ಚು, ಭಾರವಾದದ್ದಕ್ಕೆ ಕಡಿಮೆ, ಅದೂ ರಾಶಿಗಳ ವಿಲೋಮ ಪ್ರಮಾಣದಲ್ಲಿ. ಮೂರನೆಯ ನಿಯಮಕ್ಕೆ ಇದರಿಂದ ಕುಂದೇನೂ ಇಲ್ಲ. ಅದು ಬಲದ ಬಗ್ಗೆ ಮಾತ್ರ ಮಾತಾಡುತ್ತದೆ, ಶಕ್ತಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಇನ್ನೊಂದು ಅನುಮಾನವೂ ಜಾಣ ಮಕ್ಕಳಿಗೆ ಬರುತ್ತದೆ. ಎರಡು ಸಂವೇಗಗಳು ಒಂದನ್ನೊಂದು ಕಳೆದು ಸೊನ್ನೆಯಾಗುವುದಾದರೆ ಶಕ್ತಿ ಏಕೆ ಸೊನ್ನೆಯಾಗುವುದಿಲ್ಲ? ಸಂವೇಗಕ್ಕೆ ದಿಕ್ಕಿದೆ, ಜಮಾ-ಖರ್ಚಿನಂತೆ ಒಂದು ಇನ್ನೊಂದನ್ನು ತೀರಿಸುತ್ತದೆ. ಶಕ್ತಿಗೆ ದಿಕ್ಕಿಲ್ಲ, ಎರಡೂ ಜಮಾ ಕಾಲಮ್ಮಿಗೇ ಹೋಗುತ್ತವೆ. ಅದು ಬಂದದ್ದು ಮದ್ದಿನೊಳಗೆ ಅಡಗಿದ್ದ ರಾಸಾಯನಿಕ ಶಕ್ತಿಯಿಂದ.

ಗೋಡೆಯ ವಿಷಯಕ್ಕೆ ಬರೋಣ. ಮುದುಕ ಬೀಡಿ ಸೇದುತ್ತಾ ಹೇಳಿದ ಒಂದು ಮಾತಿನಲ್ಲಿ ಈ ಕೋಟೆಯ ಎಂಜಿನಿಯರಿಂಗ್ ಎಲ್ಲ ಅಡಗಿದೆ. ತೋಪಿನ 58,000 ಜೂಲ್ ಕಡಿಮೆ ಎನಿಸಿದರೂ ಅದನ್ನು ಎಲ್ಲಾದರೂ ಮುಗಿಸಲೇಬೇಕು. ಒಂದು ಮೀಟರ್ ಹಿಂದೆ ಸರಿಯಲು ಬಿಟ್ಟು ನಿಲ್ಲಿಸಿದರೆ ಬೇಕಾಗುವ ಬಲ ಸುಮಾರು ಆರು ಟನ್ ಭಾರದಷ್ಟು. ಹತ್ತು ಸೆಂಟಿಮೀಟರಿನಲ್ಲೇ ನಿಲ್ಲಿಸಬೇಕೆಂದರೆ ಅರವತ್ತು ಟನ್. ಒಂದೇ ಸೆಂಟಿಮೀಟರಿನಲ್ಲಿ ಎಂದು ಹಟ ಹಿಡಿದರೆ ಆರುನೂರು ಟನ್. ಗೋಡೆ ಬಿರುಕು ಬಿಡುತ್ತದೆ. ಈ ಊರಿನ ಬುರುಜುಗಳ ಮೇಲೆ ತೋಪಿನ ಕಟ್ಟೆಯ ಹಿಂದೆ ಬಾಗಿದ ಗೋಡೆಗಳನ್ನು ಕಟ್ಟಿ, ನಡುವೆ ಮರದ ತೊಲೆಗಳನ್ನು ಕೊಡುತ್ತಿದ್ದುದು ಇದಕ್ಕೇ. ಮರ ನಲುಗಿ ದೂರ ಕೊಡುತ್ತದೆ, ದೂರ ಸಿಕ್ಕಷ್ಟೂ ಬಲ ತಗ್ಗುತ್ತದೆ. ಜೋರಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆಯುವ ಹುಡುಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಗೋಡೆಗೆ ತಾಗಿ ತೋಪು ನಿಂತಿತು. ಹಾಗಾದರೆ ಅದರ 80,000ದ ಸಂವೇಗ ಎಲ್ಲಿ ಹೋಯಿತು? ಗೋಡೆಗೆ, ಬುರುಜಿಗೆ, ಬುರುಜಿನ ಮೂಲಕ ಭೂಮಿಗೆ. ಭೂಮಿಯ ರಾಶಿ 6ರ ಮುಂದೆ ಇಪ್ಪತ್ನಾಲ್ಕು ಸೊನ್ನೆ ಇಟ್ಟಷ್ಟು ಕಿಲೋಗ್ರಾಂ. ಅದು ಪೂರ್ತಿ ಸಂವೇಗವನ್ನು ಸದ್ದಿಲ್ಲದೆ ನುಂಗಿ, ಶಕ್ತಿಯಲ್ಲಿ ಮಾತ್ರ ಲೆಕ್ಕಕ್ಕೆ ಸಿಗದಷ್ಟು ಚೂರನ್ನು ಪಡೆಯುತ್ತದೆ. 58,000 ಜೂಲ್ ಮರದ ನಲುಗಾಟದಲ್ಲಿ, ಕಲ್ಲಿನ ನಡುಕದಲ್ಲಿ, ಬಿಸಿಯಲ್ಲಿ ಕರಗಿಹೋಗುತ್ತದೆ.

ಹುಡುಗಿ ಇಷ್ಟಕ್ಕೇ ಬಿಡಲಿಲ್ಲ. “ಅಪ್ಪಾ, ತೋಪನ್ನ ಇಷ್ಟು ದಪ್ಪ ಮಾಡೋ ಬದಲು ಅರ್ಧ ತೂಕಕ್ಕೆ ಮಾಡಿದ್ರೆ? ಆನೆ, ಎತ್ತು ಎಲ್ಲಾ ಅರ್ಧ ಸಾಕಾಗ್ತಿತ್ತಲ್ಲ?”

ಮದ್ದಿನ ಒತ್ತಡಕ್ಕೆ ಸೀಳದಿರಲು ದಪ್ಪ ಬೇಕೆಂಬುದು ಒಂದು ಕಾರಣ. ಇನ್ನೊಂದನ್ನು ತಂದೆಯ ಡೈರಿಯೇ ಹೇಳಿತು. ತೂಕ ಅರ್ಧವಾದರೆ ಹಿಂದೆ ಬರುವ ವೇಗ ಇಮ್ಮಡಿ, ಸೆಕೆಂಡಿಗೆ 2.9 ಮೀಟರ್. ರಾಶಿ ಅರ್ಧವಾದರೂ ವೇಗದ ವರ್ಗ ನಾಲ್ಕು ಪಟ್ಟು. ಹಾಗಾಗಿ ಒದೆತದ ಶಕ್ತಿ 1,16,000 ಜೂಲ್, ಮೊದಲಿಗಿಂತ ಎರಡು ಪಟ್ಟು. ಸಂವೇಗ ಮಾತ್ರ ಬದಲಾಗದೆ 80,000ವೇ. ಬಂದೂಕನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕೆಂದು ಪೊಲೀಸ್ ತರಬೇತಿಯಲ್ಲಿ ಹೇಳಿಕೊಡುವುದರ ಗುಟ್ಟೂ ಇದೇ. ಸಡಿಲವಾಗಿ ಹಿಡಿದರೆ ನಾಲ್ಕು ಕಿಲೋಗ್ರಾಮಿನ ಬಂದೂಕು ಒಂಟಿಯಾಗಿ ಓಡಿಬಂದು ಭುಜಕ್ಕೆ ಬಡಿಯುತ್ತದೆ. ಒತ್ತಿ ಹಿಡಿದರೆ ಮೈಯ ಭಾರವೂ ಬಂದೂಕಿನ ಜೊತೆ ಸೇರಿ, ಅದೇ ಸಂವೇಗ ದೊಡ್ಡ ರಾಶಿಗೆ ಹಂಚಿಹೋಗುತ್ತದೆ.

1565ರ ತಾಳಿಕೋಟೆ ಯುದ್ಧದಲ್ಲಿ ನಿಜಾಮ್ ಶಾಹಿ ತೋಪುಗಳಿಗೆ ಕಲ್ಲುಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದರೆಂದು ಫೆರಿಶ್ತಾ ಬರೆದಿದ್ದಾನೆ. ಆ ತೋಪುಗಳಲ್ಲಿ ಮಲಿಕ್-ಎ-ಮೈದಾನವೂ ಇತ್ತೆಂಬುದು ಊರವರ ನಂಬಿಕೆ. ವಿಜಯನಗರದ ಸೈನ್ಯಕ್ಕೆ ಅದು ಎಂತಹ ಅನಾಹುತ ತಂದಿತೆಂಬುದು ಇತಿಹಾಸ. ನಾಣ್ಯಗಳು ಅಡ್ಡಾದಿಡ್ಡಿ ಚೆದುರಿದರೂ ಎಡಕ್ಕೆ ಹೋದವುಗಳ ಸಂವೇಗವನ್ನು ಬಲಕ್ಕೆ ಹೋದವು ಸರಿದೂಗಿಸುತ್ತವೆ. ಮುಂದಕ್ಕೆ ಹೋದ ಮೊತ್ತಕ್ಕೆ ಸರಿಯಾಗಿ ತೋಪು ಹಿಂದಕ್ಕೆ ಒದೆಯುತ್ತದೆ. ಚೆದುರುವುದರಲ್ಲಿ ಕಳೆದ ಶಕ್ತಿಗೆ ಮಾತ್ರ ಹಾಗೆ ಸರಿದೂಗಿಸುವವರಿಲ್ಲ.

ಸಿಡಿದು ಬೇರೆಯಾಗುವ ಯಾವ ಜೋಡಿಗೂ ಇದೇ ಹಂಚಿಕೆ. ಯುರೇನಿಯಂ-238ರ ಪರಮಾಣು ಬೀಜದಿಂದ ಆಲ್ಫಾ ಕಣ ಹೊರಬಿದ್ದಾಗ ಹಿಂದೆ ಉಳಿಯುವ ಥೋರಿಯಂ ಬೀಜ 234 ಪಾಲು ಭಾರ, ಆಲ್ಫಾ 4 ಪಾಲು. ಶಕ್ತಿಯಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಆಲ್ಫಾ ಕಣದ್ದೇ. ಗಾತ್ರದಲ್ಲಿ ಎಲ್ಲಿಯ ಪರಮಾಣು, ಎಲ್ಲಿಯ ಷೇರ್ಜಾ ಬುರುಜು!

ಮನೆಯಲ್ಲೇ ನೋಡಬೇಕೆನ್ನುವವರಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಾಕು. ಅದರ ಹಿಡಿಗಳನ್ನು ಒತ್ತಿ ದಾರದಿಂದ ಬಿಗಿದು ನುಣ್ಣನೆಯ ಮೇಜಿನ ಮೇಲಿಡಿ. ಒಂದೇ ಬಗೆಯ ಎರಡು ಬೆಂಕಿಪೆಟ್ಟಿಗೆಗಳಲ್ಲಿ ನಾಣ್ಯ ತುಂಬಿ, ಒಂದರ ಒಟ್ಟು ತೂಕ ಇನ್ನೊಂದರ ಎರಡರಷ್ಟಾಗುವಂತೆ ಮಾಡಿ, ಹಿಡಿಗಳ ಎರಡು ಬದಿಗೆ ತಾಗಿಸಿಡಿ. ಕ್ಲಿಪ್ಪನ್ನು ಕೈಯಲ್ಲಿ ಹಿಡಿಯಬಾರದು. ದಾರವನ್ನು ಮೇಲಿನಿಂದ ಕತ್ತರಿಸಿದರೆ ಎರಡೂ ಪೆಟ್ಟಿಗೆಗಳು ಜಾರುತ್ತವೆ. ಹಗುರವಾದದ್ದಕ್ಕೆ ವೇಗ ಎರಡರಷ್ಟು, ಶಕ್ತಿಯೂ ಎರಡರಷ್ಟು. ಅದನ್ನು ತಡೆಯುವ ಘರ್ಷಣೆಯೋ ಅರ್ಧ. ಆದ್ದರಿಂದ ಅದು ಜಾರುವ ದೂರ ಸುಮಾರು ನಾಲ್ಕರಷ್ಟು. ಕ್ಲಿಪ್ಪಿನ ಸ್ವಂತ ತೂಕ, ಮೇಜಿನ ಒರಟು, ಕತ್ತರಿ ತಾಗಿದ ರೀತಿ ಇವುಗಳಿಂದ ಮೂರೂ ಬರಬಹುದು, ಐದೂ ಬರಬಹುದು. ಹತ್ತು ಸಲ ಮಾಡಿ ಸರಾಸರಿ ತೆಗೆಯಬೇಕು. ಮೊದಲ ಸಲವೇ ಸರಿಯಾಗಿ ನಾಲ್ಕು ಬಂತೆಂದು ಬರೆದುಕೊಂಡು ಬರುವ ರೆಕಾರ್ಡ್ ಪುಸ್ತಕಗಳನ್ನು ನಂಬಲಾಗದು.

ಷೇರ್ಜಾ ಬುರುಜಿನಿಂದ ಸ್ವಲ್ಪವೇ ದೂರದಲ್ಲಿ ಉಪ್ಪಲಿ ಬುರುಜು ಇದೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 24 ಮೀಟರ್ ಎತ್ತರ. ಮೆಟ್ಟಿಲು ಹೊರಮೈಯನ್ನೇ ಸುತ್ತಿಕೊಂಡು ಮೇಲೇರುತ್ತದೆ. ಮೇಲಿನಿಂದ ಊರೆಲ್ಲ ಅಂಗೈಯ ಗೆರೆಯಂತೆ ಕಾಣುತ್ತದೆ, ದೂರದಲ್ಲಿ ಗೋಳಗುಮ್ಮಟವೂ. ಅಲ್ಲಿರುವ ಎರಡು ತೋಪುಗಳಲ್ಲಿ ಒಂದು ಒಂಬತ್ತು ಮೀಟರಿಗೂ ಉದ್ದ. ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಮೇಲೆ ಬಳೆಗಳನ್ನು ಬಿಗಿದು ಮಾಡಿದ್ದು. ಮಲಿಕ್-ಎ-ಮೈದಾನ್ ಗಿಡ್ಡ, ದಪ್ಪ. ಇದು ಬಿದಿರುಗಳದಂತೆ ನೀಳ. ನಳಿಗೆ ಉದ್ದವಾದಷ್ಟೂ ಅನಿಲ ಗುಂಡನ್ನು ಹೆಚ್ಚು ದೂರ ಒತ್ತುತ್ತದೆ, ಗುಂಡು ಹೆಚ್ಚು ಶಕ್ತಿ ಪಡೆದು ಹೊರಡುತ್ತದೆ. ಅನಿಲ ಹಿಗ್ಗಿದಂತೆ ಒತ್ತಡ ಇಳಿಯುವುದರಿಂದ ಉದ್ದ ಇಮ್ಮಡಿಯಾದರೆ ಶಕ್ತಿಯೂ ಇಮ್ಮಡಿಯಾಗುತ್ತದೆ ಎನ್ನಲಾಗದು.

ದಾವಣಗೆರೆಯ ತಂದೆ ಮಂಡಿನೋವಿನಿಂದಾಗಿ ಕೆಳಗಿನ ಮೆಟ್ಟಿಲಲ್ಲೇ ಕುಳಿತರು. ಮಗಳು ಒಬ್ಬಳೇ ಹತ್ತಿ, ಉದ್ದನೆಯ ತೋಪಿನ ಪಕ್ಕದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಅಳೆದು ಬಂದಳು.

“ಹದಿನೈದು ಹೆಜ್ಜೆ ಅಪ್ಪಾ,” ಎಂದು ಮೇಲಿನಿಂದ ಕೂಗಿದಳು.

ತಂದೆ ಬರೆದುಕೊಂಡರು. ಹಿಂದಿನ ಪುಟ ತಿರುಗಿಸಿ ಆ 72 ಪೈಸೆಯನ್ನು ಇನ್ನೊಮ್ಮೆ ನೋಡಿದರು. ಮಗಳು ಇಳಿದು ಬಂದಾಗ, “ರಜೆ ಮುಗಿದ ಮೇಲೆ ನಿಮ್ಮ ಮೇಷ್ಟರನ್ನ ಒಂದ್ಸಲ ನೋಡ್ಬೇಕು ಕಣಮ್ಮ,” ಎಂದರು.

“ಮತ್ತೆ ಜಗಳಕ್ಕಾ?”

“ಇಲ್ಲಮ್ಮ. ಈ ಲೆಕ್ಕ ತೋರಿಸೋಕೆ.”

ಟಾಂಗಾದ ಮುದುಕ ಆಗಲೇ ಕುದುರೆಯನ್ನು ತಿರುಗಿಸಿ ನಿಲ್ಲಿಸಿದ್ದ. ಸೋಲಾಪುರದ ಕಡೆಯಿಂದ ಬರುವ ರೈಲಿಗೆ ಇನ್ನೂ ಎರಡು ಗಂಟೆ ಹೊತ್ತಿತ್ತು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಲ್ಲಿ ಚೆನ್ನಾಗಿ ಸಿಗುತ್ತದೆಂದು ತಾಯಿ ಅವನನ್ನು ವಿಚಾರಿಸುತ್ತಿದ್ದರು.